ಮಲಗುವ ಪಾಲುದಾರ

ಹಾಸಿಗೆ ಹೊಲಿದು ಮಾರುವ ಹಾಸಿಗೆಯವನಿಗೆ ಇದ್ದದ್ದು ಒಂದೇ ಆಸೆ: ತನ್ನ ಹೊಸ ಅಂಗಡಿಯಲ್ಲಾದರೂ ತನ್ನ ಮಾತು ನಡೆಯಬೇಕು. ಮನೆಯಲ್ಲಂತೂ ಎಂದೂ ನಡೆದಿರಲಿಲ್ಲ. ಆದರೆ ಅಂಗಡಿಗೆ ಬಂಡವಾಳ ಹಾಕಿದವನು ಭಾವಮೈದುನ. ಅವನನ್ನು ಬಿಟ್ಟು ಕಾಗದಪತ್ರ ಮಾಡಿಸಿದರೆ ಹೆಂಡತಿ ಸುಮ್ಮನಿರುವಳೇ?

ಬೆಳಿಗ್ಗೆಯೇ ವಕೀಲರ ಬಳಿ ಹೋದ. ಅವರು ಎಲ್ಲ ಬಿಡಿಸಿ ಹೇಳಿದರು. ಒಬ್ಬನೇ ಮಾಲೀಕನಾದರೆ ಲಾಭವೂ ನಿಮ್ಮದೇ, ನಷ್ಟವೂ ನಿಮ್ಮ ತಲೆಗೇ. ಕಂಪನಿ ಮಾಡಿದರೆ ನಷ್ಟ ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ, ಆದರೆ ಹಾಸಿಗೆ ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಕಾಗದ ಬರೆಯಬೇಕು. ಉಳಿದದ್ದು ಪಾಲುದಾರಿಕೆ.

"ಭಾವಮೈದುನನ್ನ ಸ್ಲೀಪಿಂಗ್ ಪಾರ್ಟ್ನರ್ ಮಾಡ್ಕೊಳ್ಳಿ. ಲಾಭದಲ್ಲಿ ಪಾಲು ತಗೋತಾನೆ, ಅಂಗಡಿ ಕಡೆ ತಲೆ ಹಾಕಲ್ಲ. ಸಂಜೆ ನಾನೇ ಪತ್ರ ತರ್ತೀನಿ."

ಹಾಸಿಗೆಯವನಿಗೆ ಸ್ವರ್ಗಕ್ಕೆ ಮೂರೇ ಗೇಣು. ದಾರಿಯಲ್ಲಿ ಸಿಕ್ಕ ಭಾವಮೈದುನನಿಗೆ ನೀನು ಸ್ಲೀಪಿಂಗ್ ಪಾರ್ಟ್ನರ್ ಕಣೋ ಎಂದಷ್ಟೇ ಹೇಳಿ ನಡೆದ. ಅರ್ಥ ಹೇಳುವ ಗೋಜಿಗೆ ಹೋಗಲಿಲ್ಲ. ಅಲ್ಲೇ ಕೆಟ್ಟಿತು.

ಮಧ್ಯಾಹ್ನ ಭಾವಮೈದುನ ಕಂಕುಳಲ್ಲಿ ದಿಂಬು ಇಟ್ಟುಕೊಂಡು ಬಂದ. ಗಾಜಿನ ಕಿಟಕಿಯ ಹಿಂದೆ ತೋರಿಕೆಗೆ ಹಾಸಿದ್ದ ಹೊಸ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿದ.

"ನಂಬಿ ಕೆಲಸ ಕೊಟ್ಟಿದ್ದೀರಿ ಭಾವ. ಒಂದು ದಿನಾನೂ ತಪ್ಪಿಸಲ್ಲ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವನ ಕಾಲು ಗಲ್ಲಾಪೆಟ್ಟಿಗೆಯವರೆಗೂ ಬಂತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಕ್ಷಣದಲ್ಲಿ ಗೊರಕೆ ಶುರುವಾಯಿತು. ಹಾಸಿಗೆಯವನಿಗೆ ಮೈಯೆಲ್ಲ ಉರಿಯಿತು. ಆದರೂ ತನ್ನ ಹೊಲಿಗೆಯ ಮೇಲೆ ಇಷ್ಟು ನೆಮ್ಮದಿಯಾಗಿ ಮಲಗಿದವನನ್ನು ಕಂಡು ಒಳಗೊಳಗೇ ಹೆಮ್ಮೆಯೂ ಆಯಿತು.

ಎಬ್ಬಿಸಬೇಕು ಎನ್ನುವಷ್ಟರಲ್ಲಿ ಎದುರಂಗಡಿಯ ಕ್ಷೌರಿಕ ಬಂದು ಗಾಜಿಗೆ ಮೂಗು ಒತ್ತಿದ. ಅವನ ಹಿಂದೆ ಅರ್ಧ ಕ್ಷೌರವಾಗಿದ್ದ ಗಿರಾಕಿಯೂ ಬಂದ. ಬಸ್ಸುಗಳ ಇಷ್ಟು ಗದ್ದಲದಲ್ಲೂ ಹೀಗೆ ನಿದ್ದೆ ಬರಬೇಕಾದರೆ ಅದೆಂಥ ಹಾಸಿಗೆ ಇರಬೇಡ ಎಂದು ಕ್ಷೌರಿಕ ದಾರಿಹೋಕರನ್ನೆಲ್ಲ ನಿಲ್ಲಿಸಿ ವಿವರಿಸಿದ. ಜನ ಸೇರಿತು. ಎಲ್ಲರಿಗೂ ಅಂಥದ್ದೇ ಬೇಕು. ಸಂಜೆಯ ಹೊತ್ತಿಗೆ ಭಾವಮೈದುನನ ಕೆಳಗಿದ್ದ ಹಾಸಿಗೆಯೊಂದು ಬಿಟ್ಟು ಅಂಗಡಿಯೇ ಖಾಲಿ.

ವಕೀಲರು ಪತ್ರ ತಂದರು. ಹಾಸಿಗೆಯವ ಮಲಗಿದ್ದವನನ್ನು ಅಲುಗಿಸಿ ಎಬ್ಬಿಸಿ, ಸ್ಲೀಪಿಂಗ್ ಪಾರ್ಟ್ನರ್ ಅಂದರೆ ಅಂಗಡಿಯಲ್ಲಿ ಕೆಲಸ ಮಾಡದವನು, ನಾಳೆಯಿಂದ ಬರಬೇಡ ಎಂದು ಕಡೆಗೂ ತಿಳಿಸಿ ಹೇಳಿದ.

ಭಾವಮೈದುನ ಕಣ್ಣುಜ್ಜಿಕೊಂಡ. "ಹಾಗಾದ್ರೆ ಇವತ್ತು ಮಾಲು ಖಾಲಿಯಾಗಿದ್ದು ಯಾರ ಕೆಲಸದಿಂದ ಭಾವ?"

ವಕೀಲರು ಖಾಲಿ ಅಂಗಡಿಯನ್ನು ನೋಡಿದರು, ಅವನನ್ನು ನೋಡಿದರು. ಮಾತು ನ್ಯಾಯವಾಗಿದೆ ಎಂದು ಪತ್ರದಲ್ಲಿ 'ಸ್ಲೀಪಿಂಗ್' ಎಂಬ ಒಂದು ಪದ ಹೊಡೆದುಹಾಕಿದರು. ಈಗ ಇಬ್ಬರೂ ದುಡಿಯುವ ಪಾಲುದಾರರು, ಅಂಗಡಿಯಲ್ಲಿ ಇಬ್ಬರ ಮಾತಿಗೂ ಒಂದೇ ತೂಕ.

ಇದೆಂಥ ನ್ಯಾಯ ಎಂದು ಹಾಸಿಗೆಯವ ದನಿ ಏರಿಸಿದ. ಅಷ್ಟರಲ್ಲಿ ಚಹಾ ಹಿಡಿದು ಬಂದ ಹೆಂಡತಿ, ಆಗಲೇ ಮತ್ತೆ ಕಣ್ಣು ಮುಚ್ಚಿದ್ದ ತಮ್ಮನಿಗೆ ಹೊದಿಕೆ ಎಳೆದು ಗಂಡನ ಕಡೆ ತಿರುಗಿದಳು.

"ಮೆಲ್ಲಗೆ ಮಾತಾಡ್ರೀ. ಪಾಪ, ಅವನು ಕೆಲಸದಲ್ಲಿದ್ದಾನೆ."