ಯಾರನ್ನೂ ಅಲ್ಲವೆನ್ನದ ವಂಶವೃಕ್ಷ

ಮೂಟೆ ಬಿಚ್ಚುವ ಮೊದಲೇ ಹುಣಸೆಹಣ್ಣಿನಲ್ಲಿ ನಾರೆಷ್ಟು, ಬೀಜವೆಷ್ಟು, ತೂಕ ಬರಲೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ ಎಂದು ಹೇಳಬಲ್ಲ ಮಂಡಿ ಮಹಾದೇವಯ್ಯನಿಗೆ, ಸ್ವಂತ ಭಾವಮೈದನ ದರ್ಜೆ ಮಾತ್ರ ಇಷ್ಟು ವರ್ಷವಾದರೂ ಗೊತ್ತಾಗಿರಲಿಲ್ಲ. ಸರಕಿನಲ್ಲಿ ಮೋಸವಿರಲಿಲ್ಲ. ಕಲಬೆರಕೆ ಇಲ್ಲ, ಹುಳ ಇಲ್ಲ, ಮೇಲೊಂದು ತಳದಲ್ಲೊಂದು ಇಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ, ಶಾಲೆಯ ಒಂದು ಸೀಮೆಸುಣ್ಣವನ್ನೂ ಮನೆಗೆ ತರದೆ ನಿವೃತ್ತನಾದ ಮನುಷ್ಯ. ಆದರೆ ಇಂಥ ಸರಕು ಯಾವ ಅಡುಗೆಗೆ ಬರುತ್ತದೆ ಎಂದು ಗಿರಾಕಿ ಕೇಳಿದರೆ ಉತ್ತರ ಹೇಳುವುದು ಕಷ್ಟ. ಆ ಭಾನುವಾರ ಬೆಳಿಗ್ಗೆ ತುಮಕೂರಿನ ತನ್ನ ಮನೆಯ ಹಾಲಿನಲ್ಲಿ, ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತಿದ್ದ ವೀರಭದ್ರಯ್ಯನನ್ನು ನೋಡುತ್ತಾ ಮಹಾದೇವಯ್ಯ ಒಂದು ದರಕ್ಕೆ ಬಂದಿದ್ದ. ಪುಕ್ಕಟೆ ಕೊಟ್ಟರೂ ಇಳಿಸಿಕೊಳ್ಳಬಾರದು.

ಜಗಳ ಆಗಲೇ ಅರ್ಧ ದಾರಿ ಬಂದಿತ್ತು.

ಮಹಾದೇವಯ್ಯ: ಕುಣಿಗಲ್‌ಗೆ ಒಂದು ಫೋನ್ ಮಾಡಿ ಅದು ತಪ್ಪು ಅಂತ ಹೇಳು. ಅಷ್ಟೇ ಕಣಯ್ಯ ನಾನು ಕೇಳ್ತಿರೋದು.

ವೀರಭದ್ರಯ್ಯ: ತಪ್ಪು ಅಂತ ಹೆಂಗೆ ಹೇಳ್ಲಿ ಭಾವ? ಅದಕ್ಕೆ ಶಾಲು ಹೊದಿಸಿದಾರೆ.

ಮಹಾದೇವಯ್ಯ: ಮರಕ್ಕಾ?

ವೀರಭದ್ರಯ್ಯ: ನನಗೆ. ಮರದ ಪರವಾಗಿ.

ಮರವೆಂದರೆ ವಂಶವೃಕ್ಷ. ನಿವೃತ್ತನಾದ ಮೇಲೆ ವೀರಭದ್ರಯ್ಯ ಗುಬ್ಬಿಯಲ್ಲಿ ತನ್ನಂಥ ಕೆಲವರನ್ನು ಕೂಡಿಸಿಕೊಂಡು 'ಕುಲಮೂಲ ಬಳಗ' ಎಂಬ ಸಂಘ ಕಟ್ಟಿದ್ದ. ತಿಂಗಳಿಗೊಮ್ಮೆ ಛತ್ರದ ಮಹಡಿಯಲ್ಲಿ ಸೇರುತ್ತಿದ್ದರು. ಹಳೇ ಪಹಣಿಗಳನ್ನು ಆನ್‌ಲೈನಿನಲ್ಲಿ ತೆಗೆದು ಮುತ್ತಾತನನ್ನು ಹುಡುಕುವುದು ಹೇಗೆಂದು ಒಬ್ಬರು ಹೇಳಿಕೊಡುತ್ತಿದ್ದರು, ಸವೆದ ಕಲ್ಲಿನ ಮೇಲಿನ ಅಕ್ಷರಕ್ಕೆ ಓರೆಯಾಗಿ ಟಾರ್ಚ್ ಬಿಟ್ಟು ಮೊಬೈಲಿನಲ್ಲಿ ಫೋಟೋ ಹೊಡೆಯುವುದನ್ನು ಇನ್ನೊಬ್ಬರು. ಒಮ್ಮೆ ಹೆಳವರನ್ನು ಕರೆಸಿ ಸದಸ್ಯರ ವಂಶಗಳನ್ನೆಲ್ಲ ಹಾಡಿಸಿ ವಿಡಿಯೋ ಮಾಡಿ ನೆಟ್ಟಿಗೆ ಹಾಕಿದ್ದರು. ವರ್ಷಕ್ಕೊಂದು ಬಸ್ಸು ಮಾಡಿಕೊಂಡು ಹುತ್ರಿದುರ್ಗಕ್ಕೆ ಹೋಗಿ, ಯಾರ ಪೂರ್ವಜ ಕೋಟೆಯ ಯಾವ ಬಾಗಿಲು ಕಾಯುತ್ತಿದ್ದ ಎಂದು ಬೆಟ್ಟದ ಮೇಲೆ ಜಗಳವಾಡಿ, ಕೆಳಗೆ ಬಂದು ಒಟ್ಟಿಗೆ ಚಿತ್ರಾನ್ನ ತಿನ್ನುತ್ತಿದ್ದರು. ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡ ವೃಕ್ಷ ಬೆಳೆಸಿದವರಿಗೆ ಶಾಲು. ಈ ಸಲ ಅದು ಕಾರ್ಯದರ್ಶಿಗಳಾದ ವೀರಭದ್ರಯ್ಯನವರಿಗೇ ಬಂದಿತ್ತು.

ವೃಕ್ಷ ಇದ್ದದ್ದು ಒಂದು ವೆಬ್‌ಸೈಟಿನಲ್ಲಿ. ಅಪ್ಪ, ತಾತ, ಮುತ್ತಾತ ಎಂದು ಹೆಸರು ತುಂಬುತ್ತಾ ಹೋದರೆ ಅದೇ ಕೊಂಬೆ ಬಿಡಿಸಿ ತೋರಿಸುತ್ತಿತ್ತು. ವೀರಭದ್ರಯ್ಯನ ಕಡೆಯ ಹೆಸರುಗಳು ಬೇಸಿಗೆ ಮುಗಿಯುವುದರೊಳಗೆ ಮುಗಿದುಹೋದವು. ಸುಮ್ಮನೆ ಕೂರುವ ಜಾತಕವಲ್ಲ, ಭಾವನ ಮನೆಗೆ ಕೈಹಾಕಿದ. ಮಂಡಿಯಲ್ಲಿ ತೂಕ ನಡೆಯುವಾಗ ಫೋನ್ ಮಾಡಿ ನಿಮ್ಮ ಮುತ್ತಾತನ ಹೆಸರೇನು ಭಾವ ಎಂದು ಕೇಳಿದ್ದ. ತಕ್ಕಡಿಯ ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ ಮಹಾದೇವಯ್ಯ ಚನ್ನರುದ್ರಯ್ಯ ಎಂದಿದ್ದ. ಅಲ್ಲಿಗೆ ಅವನ ತಪ್ಪೂ ಮುಗಿದಿತ್ತು.

ಈಗ ಆ ಚನ್ನರುದ್ರಯ್ಯನೇ ಮರಿಮಗನ ಮಗಳ ಮದುವೆಗೆ ಅಡ್ಡ ನಿಂತಿದ್ದ. ಮಹಾದೇವಯ್ಯನ ಮಗಳು ರೂಪಶ್ರೀ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಿದ್ದಳು. ಬಂದ ಗಂಡುಗಳನ್ನೆಲ್ಲ ಒಬ್ಬನಿಗೆ ಗರ್ವ, ಒಬ್ಬನಿಗೆ ಗೊರಕೆ ಎಂದು ವಾಪಸು ಕಳಿಸಿದವಳು ಕುಣಿಗಲ್‌ನ ಪಶುವೈದ್ಯ ಚನ್ನೇಶನಿಗೆ ಮಾತ್ರ ಹೂಂ ಅಂದಿದ್ದಳು. ಗುರುವಾರ ನಿಶ್ಚಿತಾರ್ಥ. ಹಾಲ್ ಬುಕ್ಕಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು. ಆ ದಿನ ಬೆಳಗಾಗುವಷ್ಟರಲ್ಲೇ ಹುಡುಗನ ತಂದೆ ಬಸವರಾಜ್ ಫೋನ್ ಮಾಡಿದರು. ರಾತ್ರಿ ನೆಟ್ಟಿನಲ್ಲಿ ತಮ್ಮ ಮನೆತನದ ಹೆಸರು ಹುಡುಕಿದರಂತೆ. ತಮ್ಮ ಮುತ್ತಾತನೂ ಮಹಾದೇವಯ್ಯನ ಮುತ್ತಾತ ಚನ್ನರುದ್ರಯ್ಯನೂ ಒಂದೇ ತಾಯಿಯ ಮಕ್ಕಳೆಂದು ಬಂತಂತೆ. ಒಂದೇ ಮೂಲದ ಗಂಡುಕುಡಿಗಳ ಮನೆಗಳಲ್ಲಿ ಹೆಣ್ಣು ಕೊಟ್ಟು ತರುವುದು ಯಾವ ಕಾಲಕ್ಕೂ ಇಲ್ಲ, ಲೆಕ್ಕದಲ್ಲಿ ಹುಡುಗ ಹುಡುಗಿ ಅಣ್ಣ ತಂಗಿ ಆಗುತ್ತಾರೆ. ಬರೆದವರು ಬೇರೆ ಯಾರೋ ಅಲ್ಲ, ನಿಮ್ಮ ಬಾಮೈದ, ಹೆಸರಿನ ಕೆಳಗೆ ಕಾರ್ಯದರ್ಶಿ ಅಂತಲೂ ಇದೆ. ಅವರೇ ಬಾಯಿಬಿಟ್ಟು ತಪ್ಪು ಅಂದರೆ ಸರಿ, ಇಲ್ಲದಿದ್ದರೆ ಗುರುವಾರದ್ದು ಬೇಡ ಎಂದು ಫೋನ್ ಇಟ್ಟಿದ್ದರು. ಗುಬ್ಬಿಯಿಂದ ಸಿಕ್ಕಿದ ಮೊದಲನೇ ಬಸ್ಸಿಗೆ ಬಾ ಎಂದು ಭಾವಮೈದನನ್ನು ಮಹಾದೇವಯ್ಯ ಕರೆಸಿಕೊಂಡಿದ್ದು ಅದಕ್ಕೇ.

ಮಹಾದೇವಯ್ಯನ ಹೆಂಡತಿ ಶಕುಂತಲಮ್ಮ ಒಳಗಿನಿಂದ ಬಂದು ತಮ್ಮನ ಎದುರು ನಿಂತಳು. ಮಾತು ಗೊತ್ತು ಮಾಡುವಾಗಲೇ ಎರಡೂ ಕಡೆ ಗೋತ್ರ ಕೇಳುವ ಹಾಗೆ ಬೆಡಗು ಕೇಳಿರಲಿಲ್ಲವೇ, ಬೇರೆ ಬೇರೆ ಎಂದು ಗೊತ್ತಾದ ಮೇಲೆ ತಾನೇ ಎಲೆ ಅಡಿಕೆ ಬದಲಾಯಿಸಿದ್ದು ಎಂದಳು.

ವೀರಭದ್ರಯ್ಯ: ಮೂಲ ಒಂದೇ ಅಕ್ಕ. ಒಬ್ಬರು ಹುತ್ರಿದುರ್ಗದ ಕಡೆ ಹೋದ್ರು. ಹೋದ ಕಡೆ ಬೆಡಗು ಬದಲಾಗಿರಬೇಕು.

ಶಕುಂತಲಮ್ಮ: ಅದೇನು ಸಿಮ್ಮೇನೋ, ಊರು ಬಿಟ್ಟ ತಕ್ಷಣ ಬದಲಾಯಿಸೋಕೆ?

ಇತಿಹಾಸದಲ್ಲಿ ಇಂಥವು ಬೇಕಾದಷ್ಟು ಆಗಿವೆ ಎಂದು ವೀರಭದ್ರಯ್ಯ ತರಗತಿಯ ಧಾಟಿಯಲ್ಲಿ ಶುರು ಮಾಡಿದ. ಬರಗಾಲ, ವಲಸೆ, ಪಾಳೇಗಾರರು ಎಂದು ಸಾಗಿದ್ದವನು ರೂಪಶ್ರೀ ಕೋಣೆಯ ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಿ ನಿಲ್ಲಿಸಿದ. ಅವಳ ಕಣ್ಣು ಕೆಂಪಗಿತ್ತು, ದನಿ ಮಾತ್ರ ಹಾಜರಿ ಕರೆಯುವಾಗಿನದೇ.

ರೂಪಶ್ರೀ: ಮಾವ, ಗುರುವಾರ ನಾನು ಉಂಗುರ ತಗೊಂಡು ಹೋಗ್ಲಾ, ರಾಖಿ ತಗೊಂಡು ಹೋಗ್ಲಾ? ಅಂಗಡಿ ಮುಚ್ಚೋದ್ರೊಳಗೆ ಹೇಳಿ.

ವೀರಭದ್ರಯ್ಯ ತಲೆ ಬಗ್ಗಿಸಿದ. ಸೋದರಸೊಸೆಯೆಂದರೆ ಅವನಿಗೆ ಪ್ರಾಣ. ಆದರೆ ತಪ್ಪು ಎನ್ನಲು ಬಾಯಿ ಬರಲಿಲ್ಲ. ಕಾರ್ಯದರ್ಶಿಯ ವೃಕ್ಷವೇ ತಪ್ಪು ಎಂದಾದರೆ ನಾಳೆ ಬಳಗದಲ್ಲಿ ಯಾರು ಯಾರ ಮಾತು ನಂಬುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ತಿಪ್ಪಯ್ಯನಂಥವರು ಏನೇನು ಬರೆಯಬಹುದು ಎಂದು ನೆಲಕ್ಕೆ ಹೇಳಿಕೊಂಡ. ತಿಪ್ಪಯ್ಯನಿಗೆ ಎರಡನೇ ಬಹುಮಾನ ಬಂದಿತ್ತು.

ಮಹಾದೇವಯ್ಯ ದನಿ ಇಳಿಸಿದ. ಮಂಡಿಯಲ್ಲೂ ಹಾಗೆ, ದರ ಕುದುರದಿದ್ದಾಗ ಅವನು ಮೊದಲು ಕೇಳುತ್ತಿದ್ದದ್ದು ಸರಕು ಎಲ್ಲಿಂದ ಬಂತು ಎಂದು.

ಮಹಾದೇವಯ್ಯ: ಆಯ್ತು, ತಪ್ಪು ಅನ್ಬೇಡ. ನಮ್ಮ ಚನ್ನರುದ್ರಯ್ಯನಿಗೆ ಹುತ್ರಿದುರ್ಗದಲ್ಲಿ ಒಬ್ಬ ತಮ್ಮ ಇದ್ದ ಅಂತ ನಿನಗೆ ಹೇಳಿದ್ದು ಯಾರು?

ವೀರಭದ್ರಯ್ಯ: ಯಾರೂ ಹೇಳ್ಲಿಲ್ಲ. ಅದೇ ಬಂದು ಕೇಳ್ತು.

ಮಹಾದೇವಯ್ಯ: ಯಾವುದು?

ವೀರಭದ್ರಯ್ಯ: ವೆಬ್‌ಸೈಟು. 'ಇವರು ನಿಮ್ಮವರೇ?' ಅಂತ ಕೇಳುತ್ತೆ. ಕೆಳಗೆ ಹೌದು, ಅಲ್ಲ ಅಂತ ಎರಡು ಇರುತ್ತೆ. ನಾನು ಹೌದು ಒತ್ತಿದೆ.

ಮಹಾದೇವಯ್ಯ: ಯಾಕೆ?

ವೀರಭದ್ರಯ್ಯ ಭಾವನ ಮುಖವನ್ನು ಆಶ್ಚರ್ಯದಿಂದ ನೋಡಿದ. ಇಷ್ಟು ವ್ಯವಹಾರಸ್ಥನಿಗೆ ಇಷ್ಟೂ ತಿಳಿಯದೇ ಎಂಬಂತೆ.

ವೀರಭದ್ರಯ್ಯ: ನಾವು ನಿಮ್ಮವರಾ ಅಂತ ಬಂದು ಕೇಳಿದೋರಿಗೆ ಅಲ್ಲ ಅನ್ನೋಕಾಗುತ್ತಾ ಭಾವ? ಬಾಗಿಲಿಗೆ ಬಂದ ನೆಂಟರಿಗೆ ನೀವು ಯಾರೋ ಗೊತ್ತಿಲ್ಲ ಅಂದ ಹಾಗೆ. ಅಲ್ಲ ಅಂತ ಒತ್ತಿದ್ರೆ ಆ ಕಡೆಯೋರಿಗೆ ಗೊತ್ತಾಗಿಬಿಡುತ್ತಂತೆ. ಎಷ್ಟು ಬೇಜಾರು ಮಾಡ್ಕೊತಾರೆ.

ಮಹಾದೇವಯ್ಯ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

ಮಹಾದೇವಯ್ಯ: ಒಬ್ಬರಿಗಾದ್ರೂ ಅಲ್ಲ ಅಂದಿದೀಯಾ?

ವೀರಭದ್ರಯ್ಯ: ಒಬ್ಬರಿಗೆ ಅನ್ಬೇಕು ಅನ್ಕೊಂಡೆ. ಫೋಟೋದಲ್ಲಿ ಬಹಳ ವಯಸ್ಸಾಗಿತ್ತು. ಮನಸ್ಸು ಬರ್ಲಿಲ್ಲ.

ಮತ್ತೆ ಕೇಳಿದಾಗ ಇನ್ನಷ್ಟು ಹೊರಬಂತು. ಬಳಗದವರೆಲ್ಲ ಮಾಡಿದ್ದು ಅದನ್ನೇ. ಒಬ್ಬರ ಮನೆಯ ಮುತ್ತಾತನನ್ನು ವೆಬ್‌ಸೈಟು ಇನ್ನೊಬ್ಬರ ಬಾಗಿಲಿಗೆ ಕಳಿಸುತ್ತಿತ್ತು, ಇವರು ಹೌದು ಎಂದು ಒಳಗೆ ಕರೆದುಕೊಳ್ಳುತ್ತಿದ್ದರು, ಸಭೆಯಲ್ಲಿ ಎದುರಾದಾಗ ಪರಸ್ಪರ ಧನ್ಯವಾದ ಹೇಳಿಕೊಳ್ಳುತ್ತಿದ್ದರು. ಗುಬ್ಬಿ, ಬೆಳ್ಳಾವಿ, ಕುಣಿಗಲ್ ಸುತ್ತಿನಲ್ಲಿ ನೆಟ್ಟಿಗೆ ಹೆಸರು ಹಾಕಿದ ಯಾವ ಮನೆಯೂ ಆ ವೃಕ್ಷದ ಹೊರಗೆ ಉಳಿದಿರಲಿಲ್ಲ. ವೃಕ್ಷಕ್ಕೆ ಶಾಲು ಬಂದದ್ದು ಹೇಗೆಂದು ಮಹಾದೇವಯ್ಯನಿಗೆ ಆಗ ತಿಳಿಯಿತು. ಇದನ್ನೆಲ್ಲ ಕುಣಿಗಲ್‌ಗೆ ಹೇಳಿದರೆ ಆಗುತ್ತದೆಯೇ ಎಂದು ಯೋಚಿಸಿದ. ಆಗದು. ಗಾಬರಿಗೆ ಮಾತು ತಿರುಗಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಅಷ್ಟರಲ್ಲಿ ವ್ಯಾಪಾರಿಯ ಬುದ್ಧಿ ಒಂದು ಸುತ್ತು ಹಾಕಿ ಬಂತು. ಬಂದ ಲೋಡನ್ನೆಲ್ಲ ಕೇಳದೆ ಇಳಿಸಿಕೊಳ್ಳುವ ಅಂಗಡಿಯಲ್ಲಿ ಬೀಗರ ಮನೆಯ ಸರಕು ಸಿಕ್ಕಿದ ಮೇಲೆ, ಬೀಗಿತಿಯ ತವರಿನದೂ ಎಲ್ಲಾದರೂ ಮೂಲೆಯಲ್ಲಿ ಇರಲೇಬೇಕು. ಬಸವರಾಜ್ ಅವರ ಹೆಂಡತಿ ಸರ್ವಮಂಗಳಮ್ಮ ಮಾರ್ಕೋನಹಳ್ಳಿ ಕಡೆಯವರು.

ಮಹಾದೇವಯ್ಯ: ಶಕುಂತಲಾ, ಬೀಗಿತಿಯ ತಂದೆ ಹೆಸರು ಏನೋ ಹೇಳಿದ್ರಲ್ಲ?

ಶಕುಂತಲಮ್ಮ: ಕರಿಬಸವಯ್ಯ. ಡ್ಯಾಮ್ ಪಕ್ಕದ ಹಳ್ಳಿ. ಯಾಕ್ರೀ?

ಮಹಾದೇವಯ್ಯ: ವೀರಭದ್ರ, ಅವರು ನಮ್ಮವರಾ ನೋಡು.

ವೀರಭದ್ರಯ್ಯ ಟ್ಯಾಬಿನ ಮೇಲೆ ಬೆರಳು ಎಳೆಯುತ್ತಾ ಹೋದ. ಆ ಮನೆಯಲ್ಲಿ ಬೆಳಗಿನಿಂದ ಮೊದಲ ಸಲ ತನ್ನ ವೃಕ್ಷದ ಬಗ್ಗೆ ಒಬ್ಬರು ಆಸಕ್ತಿ ತೋರಿಸಿದ್ದಕ್ಕೆ ಅವನ ಮುಖ ಅರಳಿತ್ತು. ಬೆರಳು ನಿಂತಿತು.

ವೀರಭದ್ರಯ್ಯ: ನಮ್ಮವರೇ ಭಾವ. ಕರಿಬಸವಯ್ಯನವರ ತಂದೆ, ಬಸವರಾಜ್ ಅವರ ತಾತ, ಖಾಸಾ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಯುಗಾದಿ ಹೊತ್ತಿಗೆ ಬಂದಿದ್ರು. ನಾನೇ ಹೌದು ಅಂದಿದೀನಿ.

ಮಹಾದೇವಯ್ಯ: ಅಂದ್ರೆ ಬೀಗರಿಗೆ ಅವರ ಹೆಂಡ್ತಿ ಏನಾಗ್ಬೇಕು?

ವೀರಭದ್ರಯ್ಯ ಮೇಲಿನಿಂದ ಕೆಳಕ್ಕೆ ಬೆರಳಿನಲ್ಲಿ ಇಳಿದು ಬಂದು, ಎರಡು ಸಲ ನೋಡಿದ.

ವೀರಭದ್ರಯ್ಯ: ತಂಗಿ.

ಮಹಾದೇವಯ್ಯ: ಈಗ ಫೋನ್ ಮಾಡು. ತಪ್ಪು ಅಂತ ಹೇಳ್ಬೇಡ. ಸರಿ ಅಂತಲೇ ಹೇಳು. ಇದನ್ನೂ ಸೇರಿಸಿ ಹೇಳು.

ಹಾಗಾದರೆ ಸಂತೋಷ ಎಂದ ವೀರಭದ್ರಯ್ಯ. ಫೋನ್ ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲೆ ಇಟ್ಟರು. ಬಸವರಾಜ್ ಗಂಭೀರವಾಗಿಯೇ ಮಾತಾಡಿದರು. ಮನಸ್ಸಿಗೆ ನೋವಾಗಿದೆ, ಆದರೆ ಹಿರಿಯರು ಹಾಕಿದ ದಾರಿ ಮೀರಲಾರೆವು, ಮೇಷ್ಟ್ರು ಇಷ್ಟು ಆಳವಾಗಿ ಸಂಶೋಧನೆ ಮಾಡಿದ್ದು ನಮ್ಮ ಪುಣ್ಯ, ಸಕಾಲಕ್ಕೆ ಗೊತ್ತಾಯಿತು ಎಂದರು. ಹೊಗಳಿಕೆಗೆ ವೀರಭದ್ರಯ್ಯ ಸೋಫಾದಲ್ಲಿ ನೆಟ್ಟಗೆ ಕೂತ.

ಬಸವರಾಜ್: ಅಂದ್ರೆ ಮೇಷ್ಟ್ರೇ, ಅದು ಸರಿ ಅಂತೀರಿ.

ವೀರಭದ್ರಯ್ಯ: ಸರಿ ಸಾರ್. ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೆ ಇನ್ನೊಂದು ಒಳ್ಳೇ ಮಾಹಿತಿ ಸಿಕ್ಕಿದೆ. ನಿಮ್ಮನೆಯವರ ತಂದೆ ಕರಿಬಸವಯ್ಯನವರೂ ನಿಮ್ಮ ದಾಯಾದಿಗಳೇ.

ಏನಂದ್ರಿ ಎಂದು ಬಸವರಾಜ್ ಕೇಳಿದರು.

ವೀರಭದ್ರಯ್ಯ: ನಿಮ್ಮನೆಯವರು ನಿಮಗೆ ತಂಗಿ ಆಗ್ತಾರೆ ಸಾರ್. ಹತ್ತಿರದ್ದೇ. ರೂಪಶ್ರೀ ನಿಮ್ಮ ಹುಡುಗನಿಗೆ ಆಗೋದಕ್ಕಿಂತ ಹತ್ತಿರ.

ಕುಣಿಗಲ್‌ನ ಆ ಮನೆಯಲ್ಲೂ ಫೋನ್ ಸ್ಪೀಕರಿನಲ್ಲೇ ಇತ್ತೆಂದು ಕಾಣುತ್ತದೆ. ಯಾರೋ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಹೆಂಗಸಿನ ದನಿ ಹತ್ತಿರ ಬಂತು, ಸಮಾಧಾನವಾಗಿ.

ಸರ್ವಮಂಗಳಮ್ಮ: ಮೇಷ್ಟ್ರೇ, ಒಂದು ಕೇಳ್ತೀನಿ. ಈಗ ನಾನು ತವರಿಗೆ ಹೊರಡ್ಬೇಕಾ, ಇಲ್ಲ ಇದೇ ನನ್ನ ತವರಾ?

ವೀರಭದ್ರಯ್ಯ: ವೃಕ್ಷದ ಪ್ರಕಾರ ಎರಡೂ ಒಂದೇ ತಾಯಿ.

ಸರ್ವಮಂಗಳಮ್ಮ: ಹಂಗಾದ್ರೆ ಒಳ್ಳೇದೇ ಆಯ್ತು. ತವರುಮನೇಲಿ ನಾನು ಮುಸುರೆ ತಿಕ್ಕೋದಿಲ್ಲ. ರೀ, ಅಲ್ಲ, ಅಣ್ಣಾ. ಸೀರೆ ಯಾವಾಗ ಕೊಡಿಸ್ತೀಯ?

ಬಸವರಾಜ್ ಫೋನನ್ನು ಸ್ಪೀಕರಿನಿಂದ ತೆಗೆದರು ಅನ್ನಿಸಿತು, ದನಿ ಹತ್ತಿರವಾಯಿತು, ಸಣ್ಣದೂ ಆಯಿತು. ಈ ನೆಟ್ಟಿನಲ್ಲಿ ಬರುವುದನ್ನೆಲ್ಲ ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳಿದರು. ವೀರಭದ್ರಯ್ಯ ಪೂರ್ತಿ ಎನ್ನಲು ಬಾಯಿ ತೆರೆದ. ಶಕುಂತಲಮ್ಮ ಅವನ ಮೊಣಕೈ ಹಿಡಿದಳು. ಆ ಬಿಡುವಿನಲ್ಲಿ ಮಹಾದೇವಯ್ಯ ಫೋನಿನ ಕಡೆಗೆ ಬಗ್ಗಿದ.

ಮಹಾದೇವಯ್ಯ: ಬೀಗರೇ, ನೀವು ನಂಬೋದಾದ್ರೆ ನಾವೂ ನಂಬ್ತೀವಿ. ನಿಮ್ಮದು ಮೊದಲು ಇತ್ಯರ್ಥ ಆಗ್ಲಿ. ಆಮೇಲೆ ಮಕ್ಕಳದು ನೋಡೋಣ.

ರೂಪಶ್ರೀ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಬಸವರಾಜ್: ಗುರುವಾರ ನಾವು ಎಷ್ಟು ಹೊತ್ತಿಗೆ ಬರ್ಬೇಕು ಅಂದಿದ್ರಿ?

ಹತ್ತಕ್ಕೆ ಮುಂಚೆ ಬಂದರೆ ಚೆನ್ನ, ತಿಂಡಿ ಇಲ್ಲೇ ಎಂದ ಮಹಾದೇವಯ್ಯ. ಫೋನ್ ಇಟ್ಟರು. ರೂಪಶ್ರೀ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚನ್ನೇಶನಿಗೆ ಫೋನ್ ಮಾಡಿ ನಗುತ್ತಿರುವುದು ಕೇಳಿಸಿತು. ವೀರಭದ್ರಯ್ಯನೂ ತೃಪ್ತನಾಗಿದ್ದ. ಸಂಶೋಧನೆ ಸಮಾಜದ ಉಪಯೋಗಕ್ಕೆ ಬರುವುದು ಅಂದರೆ ಹೀಗೆ, ಇದನ್ನು ಮುಂದಿನ ಸಭೆಯಲ್ಲಿ ಒಂದು ಪ್ರಬಂಧವಾಗಿ ಓದುತ್ತೇನೆ ಎಂದ. ಓದಿದರೆ ಬೀಗರ ಹೆಸರು ಬಿಟ್ಟು ಓದು ಎಂದ ಮಹಾದೇವಯ್ಯ.

ಶಕುಂತಲಮ್ಮ ಮಾತ್ರ ತಮ್ಮನನ್ನೇ ನೋಡುತ್ತಾ ಕೂತಿದ್ದಳು.

ಶಕುಂತಲಮ್ಮ: ಲೋ, ಬಂದೋರಿಗೆಲ್ಲ ಹೌದು ಅಂದಿದೀಯ. ನಿಮ್ಮ ಭಾವನ ಮನೆಯವರ್ನೂ ಅದರಲ್ಲೇ ಹಾಕಿದೀಯ, ನಮ್ಮ ಅಪ್ಪನ ಮನೆಯವರ್ನೂ ಹಾಕಿದೀಯ.

ವೀರಭದ್ರಯ್ಯ ಟ್ಯಾಬಿನ ಕವರು ಮುಚ್ಚಿದ.

ಶಕುಂತಲಮ್ಮ: ನಾನೂ ಇವರೂ ಏನಾಗ್ಬೇಕೋ?

ವೀರಭದ್ರಯ್ಯ: ದೀಪಾವಳೀಲೇ ನೋಡಿದ್ದೆ ಕಣಕ್ಕ. ಹಬ್ಬದ ಹೊತ್ತಲ್ಲಿ ಯಾಕೆ ಅಂತ ಸುಮ್ಮನಾದೆ.

ಶಕುಂತಲಮ್ಮ: ಹಬ್ಬ ಆದ್ಮೇಲೆ?

ವೀರಭದ್ರಯ್ಯ: ಇಬ್ಬರೂ ಚೆನ್ನಾಗಿದೀರಲ್ಲ ಅಂತ ಸುಮ್ಮನಾದೆ.

ಶಕುಂತಲಮ್ಮ ಗಂಡನ ಮುಖ ನೋಡಿದಳು. ಮಹಾದೇವಯ್ಯ ಭಾವಮೈದನ ಮುಖ ನೋಡಿದ. ಶಾಲು ಹೊದಿಸಿಕೊಂಡ ಮನುಷ್ಯ, ತನಗೆ ಗೊತ್ತಿದ್ದ ಅಷ್ಟು ದೊಡ್ಡ ಸಂಗತಿಯನ್ನು ಬಳಗದ ಸಭೆಯಲ್ಲಿ ಹೇಳದೆ, ತಿಪ್ಪಯ್ಯನಿಗೂ ಹೇಳದೆ, ಅಕ್ಕನ ಸಂಸಾರಕ್ಕಾಗಿ ಹೊಟ್ಟೆಯೊಳಗಿಟ್ಟುಕೊಂಡಿದ್ದ. ಬೆಳಿಗ್ಗೆ ಕಟ್ಟಿದ ದರವನ್ನು ಮಹಾದೇವಯ್ಯ ಮನಸ್ಸಿನಲ್ಲೇ ಅಳಿಸಿದ.

ಅಂದಿನಿಂದ ಮಹಾದೇವಯ್ಯ ತನ್ನ ಭಾವಮೈದನಿಗೆ ಎರಡು ಮದುವೆಗಳ ಋಣದಲ್ಲಿದ್ದಾನೆ. ಮಗಳದೊಂದು, ತನ್ನದೊಂದು.