ಮಾವನ ಕೈಗೆ ಕರೆಂಟ್ ಬಂದದ್ದು

ನಮ್ಮ ಸೋದರಮಾವನ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿ: ಮೀಟರ್ ಇದ್ದವರು, ಕಂಬದ ತಂತಿಗೆ ಕಳ್ಳ ಕೊಕ್ಕೆ ಹಾಕಿದವರು. ಲಕ್ಷ್ಮೇಶ್ವರದಲ್ಲಿ ಲೈನ್‌ಮನ್ ಆಗಿ ನಿವೃತ್ತರಾದ ಅವರು ಬೀಗರ ಮನೆಗೆ ಹೋದರೂ ಮೊದಲು ಸೂರಿನತ್ತ ನೋಡುತ್ತಾರೆ. ನೀರು ಕುಡಿಯುವುದು ಆಮೇಲೆ!

ಇಂಥವರು ಬಿದ್ದದ್ದು ಯಾವ ಕಂಬದಿಂದ? ಮನೆಯಲ್ಲಿ ಬಲ್ಬ್ ಬದಲಿಸಲು ಹತ್ತಿದ ಸ್ಟೂಲಿನಿಂದ! ಕಿಟಕಿಯ ಗಾಜು ಬಲ ಮುಂಗೈಯ ಸ್ನಾಯು, ನರ ಎರಡನ್ನೂ ಸೀಳಿತು. ಗದುಗಿನ ಡಾಕ್ಟರು ಹೊಲಿದರು. ಗಾಯ ಮಾಯಿತು, ಹೆಬ್ಬೆರಳು ಮಾತ್ರ ಅಲುಗಲಿಲ್ಲ. ಅಲುಗೀತೆಂದು ಡಾಕ್ಟರೂ ಮಾತು ಕೊಡಲಿಲ್ಲ. ಸ್ನಾಯು ಮತ್ತೆ ಬೆಳೆಯುತ್ತಿದೆ, ನರ ಇನ್ನೂ ಅಲ್ಲಿಗೆ ಮುಟ್ಟಬೇಕು ಎಂದರು.

“ಗೊತ್ತಾತ್ರಿ. ಮನಿ ಕಟ್ಟೈತಿ, ಕರೆಂಟ್ ಬಂದಿಲ್ಲ,” ಎಂದರು ಮಾವ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಡಾಕ್ಟರು ಹುರುಪಿನಿಂದ ಮುಂದುವರಿಸಿದರು: ನರದ ತುದಿ ಕವಲೊಡೆಯುತ್ತದೆ, ಮೊದಮೊದಲು ಸ್ನಾಯುವಿನ ಒಂದೇ ಎಳೆಗೆ ಹಲವು ಕವಲುಗಳು ಬಂದು ಅಂಟುತ್ತವೆ, ಬರುಬರುತ್ತ ಒಂದು ಉಳಿದು ಮಿಕ್ಕವು ಬಿಟ್ಟುಹೋಗುತ್ತವೆ.

ಮಾವನ ಮುಖ ಕೆಂಪಾಯಿತು. “ಅಂದ್ರ, ನನ್ನ ಕೈಯಾಗೂ ಕೊಕ್ಕಿ ಹಾಕ್ಯಾರ?”

ಅಂದಿನಿಂದ ತಪಾಸಣೆ ಶುರು. ದಿನಾ ಮೊಣಕೈಯಿಂದ ಕೆಳಗೆ ತಟ್ಟುತ್ತ ಹೋಗುವುದು, ಝುಮ್ಮೆಂದ ಕಡೆ ಅತ್ತೆಯ ಕಾಡಿಗೆಯಿಂದ ಗುರುತು ಹಾಕಿ, ಲೈನು ಇಲ್ಲಿಯವರೆಗೆ ಬಂದಿದೆ ಎಂದು ಓಣಿಗೆಲ್ಲ ತೋರಿಸುವುದು. ವ್ಯಾಯಾಮ ಮಾಡಿಸುವ ಹುಡುಗಿ ಕರೆಂಟಿನ ಯಂತ್ರ ಹಚ್ಚಲು ಬಂದರೆ ಕೈ ಹಿಂದೆಳೆದುಕೊಂಡರು. “ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಬಂದ್ ಮಾಡ್ಸೀಯೇನವಾ?” ಕರೆಂಟ್ ಇದ್ದರೇ ಚಿಕಿತ್ಸೆ ಎಂದು ಆಕೆ ತಿಳಿಸಿ ಹೇಳಬೇಕಾಯಿತು.

ಅತ್ತೆ ರೊಟ್ಟಿ ಮುರಿದು ಬಾಯಿಗಿಡುತ್ತಲೇ ಚುಚ್ಚುತ್ತಿದ್ದರು: “ಊರಿಗೆಲ್ಲ ಬೆಳಕ ಕೊಟ್ಟವ್ರಿಗೆ ಮನ್ಯಾಗ ಒಂದ ಬಲ್ಬ್ ಹಾಕಾಕ ಬರ್ಲಿಲ್ಲ.”

ಆದರೆ ಕಾಡಿಗೆಯ ಗುರುತು ಮಣಿಕಟ್ಟಿನ ಹತ್ತಿರ ಬಂದು ನಿಂತೇಬಿಟ್ಟಿತು. ವಾರಗಳು ಕಳೆದವು. ಮಾವ ಕೊಕ್ಕೆಯ ಮಾತನ್ನೂ ಬಿಟ್ಟರು.

ಮೊನ್ನೆ ಗದುಗಿಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಹೆಬ್ಬೆರಳು ಮಡಚಲು ಹೇಳಿದರು. ಚೂರು ಮಡಚಿತು. ಏನಾದರೂ ಹಿಡಿಯಿರಿ ಎಂದರು. ಅತ್ತೆ ತಮ್ಮ ಬಲಗೈಯ ತೋರುಬೆರಳನ್ನೇ ಮುಂದೆ ಚಾಚಿದರು. ಮಾವ ಹಿಡಿದರು. ಡಾಕ್ಟರು ಸಾಕೆಂದರೂ ಬಿಡಲಿಲ್ಲ.

“ಬಿಡ್ರಿ, ಮಂದಿ ನೋಡಾಕತ್ತಾರ,” ಎಂದರು ಅತ್ತೆ.

ಹೈಟೆನ್ಷನ್ ತಂತಿಯ ಪಕ್ಕ ಶಿಳ್ಳೆ ಹಾಕುತ್ತ ಕೆಲಸ ಮಾಡಿದ ಮನುಷ್ಯ ಸಣ್ಣ ದನಿಯಲ್ಲಿ ಹೇಳಿದರು: “ಬಿಟ್ರ ಮತ್ತ ಹಿಡ್ಯಾಕ ಬರ್ತೈತೋ ಇಲ್ಲೋ. ಅಂಜಿಕಿ ಆಗ್ತೈತಿ.”

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಅತ್ತೆ ಎಡಗೈಯಿಂದಲೇ ಚೀಲ ತಡಕಿ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದರು.