ಹೆಲ್ಮೆಟ್ಟಿಗೆ ಅಂಟಿದ ಸುಮಿತ್ರ

ಎಲ್ಲಕ್ಕೂ ಕಾರಣ ಒಂದು ಬಿಲ್ಲೆ. ನಿಪ್ಪಟ್ಟಿನಷ್ಟು ಅಗಲ, ವಡೆಯಷ್ಟು ದಪ್ಪ. ಅದನ್ನು ಹೆಲ್ಮೆಟ್ಟಿನ ಹಿಂಭಾಗಕ್ಕೆ ಅಂಟಿಸಿ ಫೋನಿಗೆ ಜೋಡಿಸಿದರೆ ಸಾಕು, ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಗಾಡಿ ಓಡಿಸುತ್ತಲೇ ಮಾತಾಡಬಹುದು, ಕರೆ ಬಂದರೆ ತಾನೇ ಎತ್ತಿಕೊಳ್ಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ವಿಠಲ ನಂಬಿದ. ಹೆಂಡತಿಯಿಂದ ಇನ್ನೂರು ಕಿಲೋಮೀಟರ್ ದೂರ ಇರುವ ಗಂಡಸು ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನಂಬುತ್ತಾನೆ.

ಧಾರವಾಡದ ವಿಠಲನಿಗೆ ಕೊಚ್ಚಿಯ ಬಳಿಯ ತ್ರಿಪ್ಪುಣಿತ್ತುರದ ಬ್ಯಾಂಕಿನಲ್ಲಿ ಕೆಲಸ. ಹೆಂಡತಿ ಸುಮಿತ್ರ ತಿರುವನಂತಪುರದ ಹತ್ತಿರ ತುಂಬ ಎಂಬ ಊರಿನಲ್ಲಿ, ಸರ್ಕಾರಿ ಕಚೇರಿಯೊಂದರ ಗ್ರಂಥಾಲಯದಲ್ಲಿ. ದಿನವಿಡೀ ಯಾರೂ ಬಾಯಿ ಬಿಡಬಾರದ ಜಾಗ ಅದು. ಸಂಜೆ ಹಾಸ್ಟೆಲಿಗೆ ಹೋದರೆ ಕೋಣೆಯ ಜೊತೆಗಾತಿ ಪರೀಕ್ಷೆಗೆ ಓದುತ್ತಿರುತ್ತಾಳೆ. ಹೀಗಾಗಿ ಸುಮಿತ್ರಳ ಬಾಯಿಗೆ ಬಿಡುಗಡೆ ಸಿಗುತ್ತಿದ್ದದ್ದು ಬೆಳಿಗ್ಗೆ ಕಚೇರಿಯ ಬಸ್ಸಿನಲ್ಲಿ ಮಾತ್ರ. ಸರಿಯಾಗಿ ಅದೇ ಹೊತ್ತಿಗೆ ವಿಠಲ ಆಲುವದ ಬಾಡಿಗೆ ಮನೆಯಿಂದ ಬೈಕು ಹತ್ತುತ್ತಿದ್ದ.

ಮೂರು ವರ್ಷದ ದಾಂಪತ್ಯದಲ್ಲಿ ಅವರಿಗೆ ದಕ್ಕಿದ್ದು ಕೆಲವು ಭಾನುವಾರಗಳು. ಅವಳ ದನಿ ಕೇಳದ ದಿನ ಅವನಿಗೆ ಊಟವೂ ಸಪ್ಪೆ. ಬೈದರೂ ಸರಿ, ಬರೀ ಕೆಮ್ಮಿದರೂ ಸರಿ, ಅವಳು ಕಿವಿಯ ಹತ್ತಿರ ಇದ್ದರೆ ಸಾಕು ಅನ್ನಿಸುತ್ತಿತ್ತು.

"ಇಲ್ಲಿಂದ ನಿಮ್ಮ ಬ್ಯಾಂಕಿನ ತನಕ ಮೆಟ್ರೋ ಇದೆ. ಆರಾಮಾಗಿ ಕೂತ್ಕೊಂಡು ಮಾತಾಡಬಾರದೇನ್ರೀ?" ಎಂದರು ಮಹಡಿಯ ಮನೆಯ ಜಯಣ್ಣನವರು. ಮೈಸೂರಿನವರು, ನಿವೃತ್ತರು, ಕರೆಯದೆಯೇ ಬರುವ ಪರೋಪಕಾರಿ.

"ಮೆಟ್ರೋದಾಗ ಹೆಂಡ್ತಿ ಜೋಡಿ ಹೆಂಗ ಮಾತಾಡೂದ್ರೀ? ಮಂದಿ ಎಲ್ಲಾ ನಮ್ಮ ಬಾಯೇ ನೋಡ್ತದ. ನಮ್ಮ ಮಾತು ನಮಗಷ್ಟ ಇರಬೇಕು."

"ಹಾಗಾದ್ರೆ ಕೊಡಿ ಇಲ್ಲಿ," ಎಂದು ಜಯಣ್ಣನವರೇ ಬಿಲ್ಲೆ ಅಂಟಿಸಿ, ದನಿಯನ್ನು ತುದಿಮುಟ್ಟ ಏರಿಸಿ ಕೊಟ್ಟರು. "ಇದು ಇಡೀ ಹೆಲ್ಮೆಟ್ನೇ ಸ್ಪೀಕರ್ ಮಾಡ್ಬಿಡುತ್ತೆ. ನಾಳೆ ನನ್ನ ನೆನಸ್ಕೋತೀರಿ."

ಮರುದಿನ ಗುರುವಾರ. ಜಿಟಿಜಿಟಿ ಮಳೆ. ವಿಠಲ ಮೊಣಕಾಲಿನ ತನಕ ಇಳಿಯುವ ಮಳೆಕೋಟು ತೊಟ್ಟು ಹೊರಟ. ಹತ್ತು ನಿಮಿಷಕ್ಕೆ ಹೆಲ್ಮೆಟ್ಟು ಗುಂಯ್ ಎಂದಿತು. ಆ ಸದ್ದಿನ ನಡುವೆ ಸುಮಿತ್ರಳ ದನಿ!

"ರೀ, ನಾಷ್ಟಾ ಆತೇನು?"

ಆಮೇಲಿನದು ಬರೀ ಗಾಳಿ. ಬೈಕು ಓಡುವಾಗ ಒಂದಕ್ಷರ ತಿಳಿಯದು, ನಿಂತರೆ ಗಂಟೆ ಹೊಡೆದಂತೆ ಸ್ಪಷ್ಟ. ಜೀವನದಲ್ಲಿ ಮೊದಲ ಬಾರಿಗೆ ವಿಠಲ ಕೆಂಪು ದೀಪಕ್ಕಾಗಿ ಹಾರೈಸಿದ. ಹಸಿರು ಕಂಡರೆ ಅವನ ಮುಖ ಬಾಡುತ್ತಿತ್ತು.

ಇಡಪಳ್ಳಿಯ ಸಿಗ್ನಲ್ಲಿನಲ್ಲಿ ಅವಳು, "ರಾತ್ರಿ ಮತ್ತ ಮ್ಯಾಗಿ ತಿಂದ್ರಿ ಹೌದಿಲ್ಲೋ? ಖರೇ ಹೇಳ್ರಿ," ಎಂದು ಜಬರಿಸುತ್ತಿದ್ದಳು. ಪಕ್ಕದ ಆಟೋದವನು ತಲೆ ಹೊರಹಾಕಿ, "ಚೇಟ್ಟಾ, ಭಾರ್ಯಯಾಣೋ?" ಎಂದು ನಕ್ಕ. ಹೆಂಡತಿಯೇ ಎಂದು ಅವನಿಗೆ ಹೇಗೆ ಗೊತ್ತಾಯಿತು? ಹಿಂದಿನ ಬಸ್ಸಿನ ಕಿಟಕಿಗಳಲ್ಲೂ ನಗುಮುಖಗಳು. ದನಿ ಒಳಗಿಗಿಂತ ಹೊರಗೇ ಜೋರಾಗಿದೆ ಎಂದು ವಿಠಲನಿಗೆ ಆಗ ಹೊಳೆಯಿತು.

ಆದರೆ ಪರನಾಡಿನ ಕನ್ನಡಿಗರಿಗೆಲ್ಲ ಇರುವ ಧೈರ್ಯವೊಂದು ಅವನಿಗೂ ಇತ್ತು. ಕೇಳಿದರೆ ಕೇಳಲಿ, ಕೊಚ್ಚಿಯಲ್ಲಿ ಯಾರಿಗೆ ಕನ್ನಡ ತಿಳಿಯುತ್ತದೆ? ಇದೇ ಧೈರ್ಯದಲ್ಲಿ ನಮ್ಮವರು ಲಿಫ್ಟಿನೊಳಗೆ ನಿಂತು ಪಕ್ಕದವರ ಬೊಕ್ಕತಲೆಯನ್ನು ಹೊಗಳುತ್ತಾರೆ. ವಿಠಲ ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ.

ವೈಟ್ಟಿಲದಲ್ಲಿ ಗಾಡಿಗಳ ಸಮುದ್ರ. ದೀಪ ಕೆಂಪು. ಸುಮಿತ್ರಳ ದನಿ ಒಮ್ಮೆಲೇ ಬದಲಾಯಿತು.

"ರೀ, ಒಂದು ಸುದ್ದಿ ಅದ. ನಿಮ್ಮ ಬ್ಯಾಂಕಿನ ಇಲ್ಲಿಯ ಬ್ರಾಂಚಿನಾಗ ಶಿರಸಿ ಕಡೆ ಗಣಪತಿ ಅಂತ ಇದ್ದಾರ. ಅವ್ರ ಹೆಂಡ್ತಿ ಕೊಚ್ಚಿಯೊಳಗ ಇದ್ದಾಳಂತ. ಅದಲುಬದಲು ವರ್ಗಾವಣೆಗೆ ನಿಮ್ಮ ದರ್ಜೆಯವರನ್ನ ಹುಡುಕ್ಯಾಡಾಕತ್ತಾರ. ಇವತ್ತ ಹತ್ತರೊಳಗ ಅರ್ಜಿ ಹೋಗಬೇಕಂತ, ಇಲ್ಲಂದ್ರ ಮುಂದಿನ ವರ್ಷ."

ವಿಠಲನ ಎದೆ ಹೆಲ್ಮೆಟ್ಟಿಗಿಂತ ಜೋರಾಗಿ ಬಡಿದುಕೊಂಡಿತು. "ನಂಬರ್ ಹೇಳು! ಸಾವಕಾಶ ಹೇಳು!"

ಅವಳು ಹೇಳಿದಳು. ಅವನಿಗೆ ನೆನಪುಳಿಯಲಿಲ್ಲ. ಮತ್ತೆ ಹೇಳಿದಳು. ಲಾರಿಯೊಂದು ಹಾರನ್ ಬಾರಿಸಿತು. ಮೂರನೆಯ ಸಲ ಒಂದೊಂದೇ ಅಂಕಿಯನ್ನು ಶಾಲೆಯ ಮಗ್ಗಿಯಂತೆ ಕೂಗಿ ಹೇಳಿದಳು.

"ಮೊದ್ಲ ಅವ್ರಿಗೆ ಫೋನ್ ಮಾಡ್ರಿ," ಎಂದಳು.

ಸಿಗ್ನಲ್ ದಾಟಿ ರಸ್ತೆಯ ಪಕ್ಕ ಬೈಕು ನಿಲ್ಲಿಸಿದ. ಆಗಲೇ ಗಣಪತಿಗೆ ಫೋನು ಮಾಡಬೇಕಿತ್ತು. ಆದರೆ ಗಾಳಿಯಿಲ್ಲ, ಗಾಡಿ ನಿಂತಿದೆ, ತಲೆಯ ಸುತ್ತ ಎಲ್ಲ ಸುಮಿತ್ರ. "ಮಾಡ್ತೀನಿ. ನಿನ್ನ ಬಸ್ಸು ಮುಟ್ಟೂತನಕ ಮಾತಾಡು," ಎಂದ.

ಅವಳು ಮಾತಾಡಿದಳು. ಬಾಡಿಗೆಗೆ ಎಂಥ ಮನೆ ಹಿಡಿಯುವುದು, ಸಂಜೆ ಸಮುದ್ರದ ಕಡೆ ಹೇಗೆ ನಡೆದುಹೋಗುವುದು, ರೊಟ್ಟಿ ಬಡಿಯುವಾಗ ಅವನು ಹೇಗೆ ಪಕ್ಕದಲ್ಲೇ ನಿಂತಿರಬೇಕು. ಮಳೆಯಲ್ಲಿ ಇಪ್ಪತ್ತು ನಿಮಿಷ ನಿಂತು ವಿಠಲ ಇಡೀ ಸಂಸಾರ ಮಾಡಿ ಮುಗಿಸಿದ. ಅಷ್ಟು ಸುಖ ಅವನಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಬ್ಯಾಂಕಿನ ಅಂಗಳ ತಲುಪಿದವನೇ ಹೆಲ್ಮೆಟ್ಟನ್ನೂ ತೆಗೆಯದೆ ಗಣಪತಿಗೆ ಫೋನು ಹಚ್ಚಿದ. ಮಾತಾಡುವ ತಲೆಯನ್ನು ಕಾವಲುಗಾರ ದೂರದಿಂದಲೇ ನೋಡುತ್ತ ನಿಂತ.

"ಅಯ್ಯೋ, ಸ್ವಲ್ಪ ಮುಂಚೆ ಮಾಡಬೇಕಿತ್ತು," ಎಂದಿತು ಹೆಲ್ಮೆಟ್ಟು. "ಕಾಲು ಗಂಟೆ ಹಿಂದೆ ನಿಮ್ಮ ಬ್ರಾಂಚಿನವರೇ ಒಬ್ಬರು ಮಾತಾಡಿದ್ರು. ಇಬ್ಬರ ಅರ್ಜಿಯೂ ಹೋಗಿ ಆಯ್ತು."

ವಿಠಲ ಮಳೆಕೋಟನ್ನು ಬೈಕಿನ ಮೇಲೇ ಬಿಟ್ಟು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ನಡೆದ. ಒಳಗೆ ಅವನದೇ ದರ್ಜೆಯ ಸಹೋದ್ಯೋಗಿ, ಉಡುಪಿಯ ಜಾಯ್ಸ್, ಬೇಕರಿಯಿಂದ ತಂದ ಲಾಡು ಹಂಚುತ್ತಿದ್ದಳು. ಬ್ರಾಂಚಿನಲ್ಲಿ ಅವನನ್ನು ಬಿಟ್ಟರೆ ಕನ್ನಡ ಬಲ್ಲವಳು ಅವಳೊಬ್ಬಳೇ. ಹೆಲ್ಮೆಟ್ಟನ್ನು ಮೇಜಿನ ಕೆಳಗೆ ತಳ್ಳಿ ವಿಠಲ ಕುರ್ಚಿಯಲ್ಲಿ ಕುಸಿದ.

"ವಿಠಲ್ ಸರ್, ಬಾಯಿ ಸಿಹಿ ಮಾಡಿ! ನನಗೆ ತಿರುವನಂತಪುರ ಸಿಕ್ಕಿದ ಹಾಗೇ ಉಂಟು. ಎಂತ ಆಯ್ತು ಗೊತ್ತುಂಟಾ? ವೈಟ್ಟಿಲ ಸಿಗ್ನಲಲ್ಲಿ ಯಾರದ್ದೋ ಹೆಲ್ಮೆಟ್ ಕನ್ನಡದಲ್ಲಿ ಬೊಬ್ಬೆ ಹಾಕ್ತಾ ಇತ್ತು ಮಾರಾಯ್ರೆ! ನಂಬರ್ ಸಮೇತ, ಅದೂ ಮೂರು ಸಲ! ಮಳೆಕೋಟು ಹಾಕಿದ್ದ, ಯಾರೂಂತ ಗೊತ್ತಾಗ್ಲಿಲ್ಲ. ಬೇರೆ ಬ್ರಾಂಚಿನವ ಇರಬೇಕು."

ವಿಠಲನ ಗಂಟಲಿನಲ್ಲಿ ಬೈಗುಳ ತುಂಬಿಕೊಂಡಿತು. ಅಷ್ಟರಲ್ಲಿ ಜಾಯ್ಸ್ ಕಣ್ಣೊರೆಸಿಕೊಂಡಳು. "ತಪ್ಪೂಂತ ಗೊತ್ತುಂಟು. ಆದ್ರೆ ನನ್ನ ಮಗಳು ಅಲ್ಲಿ ಅತ್ತೆಯ ಹತ್ರ ಬೆಳೀತಾ ಇದ್ದಾಳಲ್ಲ. ಹೋದ ವಾರ ನನ್ನನ್ನು ಚೇಚಿ ಅಂತ ಕರೆದಳು ಸರ್. ಅಮ್ಮ ಅಂತ ಅತ್ತೆಯನ್ನು ಕರೀತಾಳೆ."

ಬೈಗುಳ ಲಾಡುವಿನ ಜೊತೆ ಒಳಗಿಳಿಯಿತು. ಹೆತ್ತ ತಾಯಿ ಅಕ್ಕನಾಗಿ ಉಳಿಯುವುದಕ್ಕಿಂತ ತಾನು ಇನ್ನೊಂದು ವರ್ಷ ಮ್ಯಾಗಿ ತಿನ್ನುವುದೇ ವಾಸಿ ಎಂದುಕೊಂಡ. ಗುಟ್ಟು ತನ್ನಲ್ಲೇ ಇರಲಿ. "ಒಳ್ಳೇದಾತು ಬಿಡ್ರಿ. ಆ ಹೆಲ್ಮೆಟ್ಟಿನವಂದು ಹೆಂಗರ ಆಗ್ತದ," ಎಂದ.

ಜಾಯ್ಸ್ ನಕ್ಕು ಡಬ್ಬಿ ಎತ್ತಿಕೊಂಡು ಎರಡು ಹೆಜ್ಜೆ ಹೋಗಿದ್ದಳು. ಆಗ ಮೇಜಿನ ಕೆಳಗೆ ಗುಂಯ್ ಎಂದಿತು. ಬಿಲ್ಲೆ ತನ್ನಷ್ಟಕ್ಕೆ ತಾನೇ ಕರೆ ಎತ್ತಿಕೊಂಡಿತು.

"ರೀ!" ಸುಮಿತ್ರಳ ದನಿ ಕೌಂಟರಿನಿಂದ ಕೌಂಟರಿಗೆ ಹರಿಯಿತು. "ಗಣಪತಿಯವರ ಜೋಡಿ ಮಾತಾಡಿದ್ರೇನು? ನಂಗ ಕೆಲಸಾನೇ ಮಾಡಾಕ ಆಗವಲ್ದು, ಗ್ರಂಥಾಲಯದಿಂದ ಹೊರಗ ಬಂದು ಮಾತಾಡಾಕತ್ತೀನಿ. ನೀವು ಬರ್ತೀರಂತ ಈಗಷ್ಟ ಮನೀ ಒಂದಕ್ಕ ಫೋನಿನಾಗ ಮಾತು ಕೊಟ್ಟೆ!"

ಲಾಡು ಕೈಯಲ್ಲಿದ್ದವರೆಲ್ಲ ಹಾಗೇ ನಿಂತರು. ಜಾಯ್ಸ್ ಮೆಲ್ಲನೆ ತಿರುಗಿ, ಒಮ್ಮೆ ಮೇಜಿನ ಕೆಳಗೆ, ಒಮ್ಮೆ ವಿಠಲನ ಮುಖ ನೋಡಿದಳು.

"ರೀ, ಯಾಕ ಸುಮ್ಮನದೀರಿ? ಈ ಮಷಿನ್ ಕೆಲಸ ಮಾಡಾಕತ್ತದೋ ಇಲ್ಲೋ?"

ವಿಠಲ ಬಗ್ಗಿ, ತಲೆಯನ್ನು ಮೇಜಿನ ಕೆಳಗೇ ಇಟ್ಟುಕೊಂಡು ಹೇಳಿದ:

"ಭಾಳ ಛಲೋ ಕೆಲಸ ಮಾಡಾಕತ್ತದ, ಸುಮಿ."